ಎರಡು ನೀಲಿಗೆ ಹುಟ್ಟಿದ ಹಸಿರು

ನಡುವಿನ ಕುರ್ಚಿಯಲ್ಲಿ ಕುಳಿತು, ನಾನು ಬಾಯಿ ತೆರೆಯುವ ಮೊದಲೇ ಮೇಜಿನ ಗಂಟೆಯ ಮೇಲೆ ಕೈಯಿಟ್ಟುಕೊಂಡಿರುವ ನಮ್ಮ ಸಾಕುಹಕ್ಕಿ ಸಂಘದ ಮಾನ್ಯ ಅಧ್ಯಕ್ಷರೇ, ಹಲ್ಲಿನ ಡಾಕ್ಟರೇ. ನೂರಾರು ಹಕ್ಕಿಗಳ ಪ್ರಾಣ ಉಳಿಸಿ, ಅದೇ ಹಕ್ಕಿಗಳಿಂದ ಬೆರಳು ಕಚ್ಚಿಸಿಕೊಂಡು, ಎರಡು ಬೆರಳಿಗೆ ಪಟ್ಟಿ ಸುತ್ತಿಕೊಂಡೇ ಬಂದಿರುವ ಮುಖ್ಯ ಅತಿಥಿಗಳಾದ ಪಶುವೈದ್ಯರೇ. ಇಪ್ಪತ್ತೈದು ವರ್ಷ ಕಾರ್ಯದರ್ಶಿಗಳಾಗಿ ದುಡಿದು ಇಂದು ಸನ್ಮಾನಿತರಾಗುತ್ತಿರುವ ಹಿರಿಯರೇ. ಹಕ್ಕಿ ಸಾಕಿದವರೇ, ಹಕ್ಕಿ ಸಾಕಿದವರನ್ನು ಕಟ್ಟಿಕೊಂಡು ಅನುಭವಿಸುತ್ತಿರುವವರೇ, ಸಭಿಕರೇ.

ನನಗೆ ಏಳು ನಿಮಿಷ ಕೊಟ್ಟಿದ್ದಾರೆ. ಅದರಲ್ಲಿ ಒಂದು ನಿಮಿಷ ನಿಮ್ಮನ್ನೆಲ್ಲ ಕರೆಯುವುದಕ್ಕೇ ಹೋಯಿತು. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ವೇದಿಕೆಯ ಮೇಲೆ ಇಷ್ಟು ದೊಡ್ಡವರನ್ನು ಒಟ್ಟಿಗೆ ಕೂರಿಸಿದವರ ತಪ್ಪು.

ನಾನು ಗೋಡೆಗೆ ಬಣ್ಣ ಹೊಡೆಯುವವನು. ಬಣ್ಣದ ಜೊತೆಗೆ ಬೋರ್ಡನ್ನೂ ಬರೆಯುತ್ತೇನೆ. ಈ ಸಭಾಂಗಣದ ಗೋಡೆ ನನ್ನದೇ ಕೆಲಸ. ಎರಡನೇ ಕಿಟಕಿಯ ಕೆಳಗೆ ಬಣ್ಣ ಗುಳ್ಳೆಯೆದ್ದಿರುವುದನ್ನು ಅಲ್ಲಿ ಕುಳಿತ ಯಜಮಾನರು ಆಗಿನಿಂದ ಉಗುರಿನಲ್ಲಿ ಕೀಳುತ್ತಿದ್ದಾರೆ, ನಾನು ನೋಡುತ್ತಲೇ ಇದ್ದೇನೆ. ಅದು ಬಣ್ಣದ ತಪ್ಪಲ್ಲ ಸ್ವಾಮಿ, ಗೋಡೆಯೊಳಗಿನ ತೇವದ ತಪ್ಪು. ತಪ್ಪು ನನ್ನದಲ್ಲ ಎಂದು ಮೊದಲೇ ಹೇಳಿಬಿಡುವುದು ಮೂವತ್ತು ವರ್ಷದ ವೃತ್ತಿಯಲ್ಲಿ ನನಗೆ ಅಂಟಿಕೊಂಡ ಅಭ್ಯಾಸ. ಟರ್ಪೆಂಟೈನ್ ಹಾಕಿ ಉಜ್ಜಿದರೂ ಹೋಗಿಲ್ಲ.

ಈ ಸ್ಟೂಲಿನ ಮೇಲೆ ಬಟ್ಟೆ ಮುಚ್ಚಿದ ಪಂಜರವೊಂದಿದೆ. ಅದರೊಳಗೆ ಏನಿದೆ ಎಂದು ಮುಂದಿನ ಸಾಲಿನ ಮಕ್ಕಳು ಬಗ್ಗಿ ನೋಡುತ್ತಿದ್ದಾರೆ. ಬಗ್ಗಬೇಡಿ ಮಕ್ಕಳೇ, ಆಮೇಲೆ ನಾನೇ ತೆಗೆಯುತ್ತೇನೆ.

ನನ್ನ ಮಗಳು ಶಾಲೆಯಲ್ಲಿ ಪಾಠ ಮಾಡುವವಳು. ನಾಲ್ಕು ಪುಟದ ಭಾಷಣ ಬರೆದುಕೊಟ್ಟಿದ್ದಾಳೆ. ಮೊದಲ ಸಾಲಿನಲ್ಲಿ ಸನ್ಮಾನಿತರನ್ನು ಹೆಮ್ಮರ ಎಂದು ಕರೆದಿದ್ದಾಳೆ. ಸನ್ಮಾನಿತರು ಐದಡಿ ಎರಡಿಂಚು ಇದ್ದಾರೆ, ಅದೂ ಬೂಟು ಹಾಕಿಕೊಂಡು. ಎರಡನೇ ಸಾಲಿನಿಂದ ಮುಂದಕ್ಕೆ ಓದಲು ಕನ್ನಡಕ ಬೇಕು, ಅದನ್ನು ಮನೆಯಲ್ಲಿ ಬಿಟ್ಟು ಬಂದಿದ್ದೇನೆ. ಆದ್ದರಿಂದ ನೀವೂ ಪಾರಾದಿರಿ, ಅವರೂ ಪಾರಾದರು. ನನ್ನ ಬಾಯಿಗೆ ಬಂದದ್ದನ್ನು ಹೇಳುತ್ತೇನೆ.

ಸನ್ಮಾನಿತರು ನನ್ನ ಅಕ್ಕನ ಗಂಡ ಎಂಬುದು ನಿಮಗೆಲ್ಲ ಗೊತ್ತು. ನಾವಿಬ್ಬರೂ ಎರಡು ವರ್ಷದಿಂದ ಮಾತು ಬಿಟ್ಟಿದ್ದೇವೆ ಎಂಬುದೂ ಗೊತ್ತು. ಗೊತ್ತಿಲ್ಲದವರಿಗೆ ಪಕ್ಕದವರು ಈಗ ಪಿಸುಗುಟ್ಟುತ್ತಿದ್ದಾರೆ, ಮುಗಿಸಿಕೊಳ್ಳಲಿ. ಹಾಗಿದ್ದ ಮೇಲೆ ಅವರನ್ನು ಹೊಗಳುವ ಕೆಲಸ ನನಗೆ ಯಾಕೆ ಬಂತು? ಸ್ವಾಗತ ಸಮಿತಿಯಲ್ಲಿ ನನ್ನ ಹೆಂಡತಿ ಇದ್ದಾಳೆ. ನನ್ನನ್ನು ಕೇಳದೆ ಪಟ್ಟಿಯಲ್ಲಿ ಹೆಸರು ಬರೆದಳು. ನಾನು ಆಗುವುದಿಲ್ಲ ಎಂದೆ. "ನೀವು ಅಲ್ಲಿ ಮಾತಾಡೋ ತನಕ ನಾನಿಲ್ಲಿ ಮಾತಾಡಲ್ಲ" ಎಂದು ಹೇಳಿ, ಹೇಳಿದಂತೆಯೇ ನಡೆದುಕೊಂಡಳು. ಮೂರನೇ ದಿನ ನನ್ನ ನಾಲ್ಕಿಂಚಿನ ಬ್ರಷ್ ಎಲ್ಲಿದೆ ಎಂದು ಹೇಳುವವರಿಲ್ಲದೆ ಒಪ್ಪಿಕೊಂಡೆ.

ಹಕ್ಕಿಯ ಹುಚ್ಚು ನನಗೆ ಹತ್ತಿದ್ದು ಹನ್ನೊಂದು ವರ್ಷದ ಹಿಂದೆ. ಒಂದು ಮನೆಗೆ ಬಣ್ಣ ಹೊಡೆದು ಮುಗಿಸಿದಾಗ ಆ ಮನೆಯ ಅಜ್ಜಿ ಎರಡು ಹಳದಿ ಹಕ್ಕಿಗಳನ್ನು ಕೊಟ್ಟು, ಲವ್ ಬರ್ಡ್ಸ್ ಕಣಪ್ಪಾ, ಮರಿ ಮಾಡಿಸು ಎಂದರು. ಅವು ಲವ್ ಬರ್ಡ್ಸ್ ಅಲ್ಲ, ಬಡ್ಜಿ ಎಂಬ ಪುಟ್ಟ ಗಿಳಿಗಳು ಎಂದು ನನಗೆ ಆಗ ತಿಳಿದಿರಲಿಲ್ಲ. ನಾನು ಮರದ ಪೆಟ್ಟಿಗೆ ಮಾಡಿದೆ, ತೂತು ಕೊರೆದೆ, ಒಳಗೆ ಮರದ ಹೊಟ್ಟು ಹಾಸಿದೆ, ಬೇಯಿಸಿದ ಮೊಟ್ಟೆ ಕಿವುಚಿ ತಿನ್ನಿಸಿದೆ. ಎರಡೂ ಒಂದರ ತಲೆ ಇನ್ನೊಂದು ಕೆರೆದುಕೊಂಡು, ಒಂದರ ಬಾಯಿಗೆ ಇನ್ನೊಂದು ಕಾಳು ಕೊಟ್ಟುಕೊಂಡು ಆನಂದವಾಗಿದ್ದವು. ನಾನು ದಿನಾ ಬೆಳಿಗ್ಗೆ ಪೆಟ್ಟಿಗೆಯೊಳಗೆ ಟಾರ್ಚು ಬಿಟ್ಟು ನೋಡುತ್ತಿದ್ದೆ. ಹದಿನಾಲ್ಕು ತಿಂಗಳು ನೋಡಿದೆ, ಸಭಿಕರೇ.

ಕೊನೆಗೆ ಭಾವನನ್ನು ಕರೆದುಕೊಂಡು ಬಂದೆ. ಕ್ಷಮಿಸಿ, ಸನ್ಮಾನಿತರನ್ನು ಕರೆದುಕೊಂಡು ಬಂದೆ. ಅವರು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು, ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಎರಡು ಹಕ್ಕಿಗಳ ಮೂಗನ್ನೂ ಭೂತಗನ್ನಡಿಯಲ್ಲಿ ನೋಡಿದರು. ಕನ್ನಡಿ ಒರೆಸಿ ಮತ್ತೊಮ್ಮೆ ನೋಡಿದರು. "ಇವೆರಡೂ ಗಂಡು ಕಣಯ್ಯಾ. ಇನ್ನೂ ಹತ್ತು ವರ್ಷ ಟಾರ್ಚ್ ಬಿಟ್ಟರೂ ಬ್ಯಾಟರಿ ಖಾಲಿಯಾಗತ್ತೆ, ಮೊಟ್ಟೆ ಬರಲ್ಲ" ಎಂದರು.

ಇದರಲ್ಲೂ ನನ್ನ ತಪ್ಪಿರಲಿಲ್ಲ. ಬಡ್ಜಿಯ ಕೊಕ್ಕಿನ ಮೇಲೆ ಮೇಣದಂಥ ಒಂದು ಪಟ್ಟಿ ಇರುತ್ತದೆ. ಗಂಡಿಗೆ ನೀಲಿ, ಮೊಟ್ಟೆಗೆ ಸಿದ್ಧವಾದ ಹೆಣ್ಣಿಗೆ ಕಂದು. ಆದರೆ ಅಚ್ಚ ಹಳದಿ ಹಕ್ಕಿಗಳಲ್ಲಿ ಗಂಡಿಗೂ ಪಟ್ಟಿ ನೀಲಿಯಾಗುವುದಿಲ್ಲ, ಸಾಯುವ ತನಕ ಗುಲಾಬಿಯಾಗಿಯೇ ಇರುತ್ತದೆ. ಇದನ್ನು ಹಕ್ಕಿಯ ಮೇಲೆ ಬರೆದಿರುವುದಿಲ್ಲ. ನನಗೆ ಯಾರು ಹೇಳಬೇಕಿತ್ತು?

ಆ ದಿನದಿಂದ ಪ್ರತಿ ಭಾನುವಾರ ಅಕ್ಕನ ಮನೆಯ ಊಟದ ಮೇಜಿನ ಮೇಲೆ ನನಗೆ ಪಾಠ ಶುರುವಾಯಿತು. ನಾನು ಬಣ್ಣದವನು, ನನ್ನ ಲೆಕ್ಕ ನೇರ. ಹಳದಿಗೆ ನೀಲಿ ಸೇರಿಸಿದರೆ ಹಸಿರು. ನೀಲಿಗೆ ಬಿಳಿ ಸೇರಿಸಿದರೆ ತಿಳಿನೀಲಿ. ಅಪ್ಪನಿಂದ ಅರ್ಧ ಲೀಟರು, ಅಮ್ಮನಿಂದ ಅರ್ಧ ಲೀಟರು, ಕದಡಿದರೆ ಮರಿ. ಭಾವ ತಲೆ ಚಚ್ಚಿಕೊಂಡು ಅಕ್ಕನ ಹೊಲಿಗೆ ಡಬ್ಬಿ ತಂದು ಗುಂಡಿಗಳನ್ನು ಮೇಜಿನ ಮೇಲೆ ಸುರಿದರು. ಅಂಗಿಯ ಗುಂಡಿಗಳು. ಒಂದೊಂದು ಹಕ್ಕಿಯ ಜೇಬಿನಲ್ಲೂ ಎರಡೆರಡು ಗುಂಡಿ ಎಂದರು. ಒಂದು ಅಪ್ಪ ಕೊಟ್ಟದ್ದು, ಒಂದು ಅಮ್ಮ ಕೊಟ್ಟದ್ದು. ಅದು ತನ್ನ ಮರಿಗೆ ಎರಡರಲ್ಲಿ ಯಾವುದಾದರೂ ಒಂದನ್ನು ಕೊಡುತ್ತದೆ. ಹಸಿರು ಗುಂಡಿ ಒಂದೇ ಒಂದಿದ್ದರೂ ಹಕ್ಕಿ ಹಸಿರು, ಜೊತೆಗಿರುವ ನೀಲಿ ಗುಂಡಿ ಒಳಗೆ ಅಡಗಿ ಕೂತಿರುತ್ತದೆ. ಎರಡೂ ನೀಲಿ ಗುಂಡಿಯಾದರೆ ಮಾತ್ರ ಹಕ್ಕಿ ನೀಲಿ. ಆದ್ದರಿಂದ ಎರಡು ಹಸಿರು ಹಕ್ಕಿಗಳಿಗೆ ನೀಲಿ ಮರಿ ಹುಟ್ಟಬಹುದು, ಆಶ್ಚರ್ಯಪಡಬೇಡ. ಆದರೆ ಎರಡು ನೀಲಿ ಹಕ್ಕಿಗಳಿಗೆ ಹಸಿರು ಮರಿ ಹುಟ್ಟುವುದಿಲ್ಲ. ಹಸಿರು ಗುಂಡಿ ಇಬ್ಬರ ಜೇಬಿನಲ್ಲೂ ಇಲ್ಲವಲ್ಲ, ಎಲ್ಲಿಂದ ಕೊಡಬೇಕು?

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಆರು ಭಾನುವಾರ ಬೇಕಾಯಿತು. ಆರನೇ ಭಾನುವಾರ ನನ್ನ ಅಂಗಿಯ ಗುಂಡಿ ಕಿತ್ತುಹೋಗಿದ್ದನ್ನು ನೋಡಿ ಅಕ್ಕ ಮೇಜಿನ ಮೇಲಿದ್ದ ಒಂದನ್ನೇ ತೆಗೆದು ಹೊಲಿದುಬಿಟ್ಟಳು. ನೋಡಿ, ಇದೇ ಅಂಗಿ. ಬಿಳಿ ಅಂಗಿ, ಮೂರನೇ ಗುಂಡಿ ಹಸಿರು. ಬೇರೆ ಅಂಗಿ ಇಲ್ಲವೆಂದಲ್ಲ.

ಗಂಟೆ ಹೊಡೆಯಿತು. ಅದು ಎಚ್ಚರಿಕೆಯ ಗಂಟೆ ತಾನೇ ಅಧ್ಯಕ್ಷರೇ? ಸಂತೋಷ. ನಿಮ್ಮ ಆಸ್ಪತ್ರೆಯ ಕುರ್ಚಿಯಲ್ಲಿ ಎರಡು ಗಂಟೆ ಬಾಯಿ ತೆರೆದುಕೊಂಡು ಕುಳಿತಿದ್ದೇನೆ. ಈಗ ನಾನು ಬಾಯಿ ತೆರೆದರೆ ಏಳೇ ನಿಮಿಷವೇ?

ಹೊಸ ಸದಸ್ಯರಿಗೆ ಒಂದೆರಡು ಉಪಯೋಗದ ಮಾತು ಹೇಳದಿದ್ದರೆ ಹೋಳಿಗೆ, ಅಲ್ಲ, ಭಾಷಣ ಸಪ್ಪೆಯಾಗುತ್ತದೆ, ಒಳಗಿನಿಂದ ಊಟದ ವಾಸನೆ ಬರುತ್ತಿದೆ. ಹಕ್ಕಿಗೆ ಒಂದು ವರ್ಷವಾದರೂ ತುಂಬಲಿ, ಅವಸರ ಬೇಡ. ಮೈಗೂಡಿರಬೇಕು, ಆದರೆ ಬೊಜ್ಜಿರಬಾರದು. ಬೊಜ್ಜಿನ ಹೆಣ್ಣಿಗೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆ, ಆಗ ನಮ್ಮ ಮುಖ್ಯ ಅತಿಥಿಗಳ ಮನೆಗೆ ಓಡಬೇಕಾಗುತ್ತದೆ. ಸುಣ್ಣದಂಶಕ್ಕೆ ಕಡಲನೊರೆ ಎನ್ನುವ ಬಿಳಿ ಎಲುಬಿನ ತುಂಡು ಪಂಜರಕ್ಕೆ ಸಿಕ್ಕಿಸಿ. ನೆನೆಸಿ ಮೊಳಕೆ ಬರಿಸಿದ ಕಾಳು ಕೊಡಿ, ಸೊಪ್ಪು ಕೊಡಿ. ಗೂಡಿನ ಪೆಟ್ಟಿಗೆಯ ತಳ ನಡುವೆ ಸ್ವಲ್ಪ ತಗ್ಗಾಗಿರಲಿ, ಇಲ್ಲದಿದ್ದರೆ ಮೊಟ್ಟೆಗಳು ಉರುಳಾಡುತ್ತವೆ, ಮರಿಗಳ ಕಾಲು ಸೊಟ್ಟಗಾಗುತ್ತದೆ. ಮತ್ತು ಪೆಟ್ಟಿಗೆಯೊಳಗೆ ದಿನಾ ಟಾರ್ಚು ಬಿಡಬೇಡಿ. ನಿಮ್ಮ ಮನೆಯೊಳಕ್ಕೆ ಯಾರಾದರೂ ದಿನಾ ಟಾರ್ಚು ಬಿಟ್ಟರೆ ನಿಮಗೆ ಹೇಗಿರುತ್ತದೆ? ಇನ್ನೂ ಒಂದು ನಿಯಮವಿದೆ, ಆರನೆಯ ನಿಯಮ. ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಬರಬಾರದೆಂದೇ ಇದ್ದೆ, ಆದರೆ ಬಾಯಿ ಆ ಕಡೆಗೇ ಹೊರಟಿದೆ.

ಎರಡು ವರ್ಷದ ಹಿಂದೆ ಏನಾಯಿತು? ನನ್ನ ಮನೆಯಲ್ಲಿ ನೀಲಮ್ಮ ಎಂಬ ನೀಲಿ ಹೆಣ್ಣು ಹಕ್ಕಿ ಇದ್ದಳು. ಅವಳ ಜೊತೆಗೆ ಒಂದು ಹಸಿರು ಗಂಡು. ಇಡೀ ದಿನ ಕೋಲಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುತ್ತ ಎಲ್ಲದರ ಮೇಲ್ವಿಚಾರಣೆ ನೋಡುತ್ತಿದ್ದ, ಒಂದೂ ಕೆಲಸ ಮಾಡುತ್ತಿರಲಿಲ್ಲ. ಅದಕ್ಕೇ ಅವನಿಗೆ ಮೇಸ್ತ್ರಿ ಎಂದು ಹೆಸರಿಟ್ಟಿದ್ದೆ. ಸಂಘದ ವಾರ್ಷಿಕ ಪ್ರದರ್ಶನ ಹತ್ತಿರ ಬರುತ್ತಿತ್ತು. ಅಚ್ಚ ನೀಲಿಯ ಮರಿಗಳ ಒಂದು ಸಾಲನ್ನೇ ಅಲ್ಲಿ ಕೂರಿಸಬೇಕು ಎಂಬ ಆಸೆ ನನ್ನ ತಲೆಗೆ ಹೊಕ್ಕಿತು. ಅಕ್ಕನ ಮನೆಯಲ್ಲಿ ಒಂದು ಗಂಡು ಹಕ್ಕಿ ಇತ್ತು, ಎಂಥ ನೀಲಿ ಅಂತೀರಿ, ನನ್ನ ಶೇಡ್ ಕಾರ್ಡಿನಲ್ಲೇ ಅಂಥ ನೀಲಿ ಇರಲಿಲ್ಲ. ಭಾವ ತಮ್ಮ ಪ್ರಾಣದಂತೆ ಸಾಕಿದ್ದರು. ನಾನು ಕೇಳಿದೆ, ಕೊಟ್ಟರು. ಪಂಜರಕ್ಕೆ ತಮ್ಮದೇ ಕೈಯಿಂದ ಬಟ್ಟೆ ಮುಚ್ಚಿ ನನ್ನ ಕೈಗಿಟ್ಟರು. ಅಕ್ಕನ ಮನೆಯಿಂದ ಬಂದ ಗಂಡು ಎಂದು ನಾವು ಅವನನ್ನು ಅಳಿಯ ಎಂದು ಕರೆದೆವು.

ನೀಲಮ್ಮನಿಗೂ ಅಳಿಯನಿಗೂ ಜೋಡಿಯಾಯಿತು. ಐದು ಮೊಟ್ಟೆ. ಹದಿನೆಂಟು ದಿನಕ್ಕೆ ಮೊದಲ ಮೊಟ್ಟೆ ಒಡೆಯಿತು, ಉಳಿದವು ದಿನ ಬಿಟ್ಟು ದಿನ ಒಡೆದವು. ಮರಿಗಳಿಗೆ ಗರಿ ಮೂಡುವ ಹೊತ್ತಿಗೆ ನಾನು ಕೆಲಸಕ್ಕೆ ರಜೆ ಹಾಕಿ ಪೆಟ್ಟಿಗೆಯ ಮುಂದೆ ಕುಳಿತೆ. ನಾಲ್ಕು ಮರಿ ನೀಲಿ. ಎಲ್ಲಕ್ಕಿಂತ ದೊಡ್ಡದು, ಮೊದಲ ಮೊಟ್ಟೆಯದು, ಹಸಿರು. ಸ್ವಲ್ಪ ಹಸಿರಲ್ಲ ಸಭಿಕರೇ, ಎಲೆ ಹಸಿರು.

ಎರಡು ನೀಲಿಗೆ ಹಸಿರು ಹುಟ್ಟುವುದಿಲ್ಲ ಎಂದು ಆರು ಭಾನುವಾರ ಕಲಿತವನು ನಾನು. ಹಾಗಾದರೆ ಇದೇನು? ಗುಂಡಿಯ ಪಾಠವೆಲ್ಲ ಆ ಕ್ಷಣದಲ್ಲಿ ಮರೆತುಹೋಯಿತು, ನನ್ನೊಳಗಿನ ಬಣ್ಣದವನು ಎದ್ದು ಕುಳಿತ. ನೀಲಿಯಿಂದ ಹಸಿರು ಬರಬೇಕಾದರೆ ಎಲ್ಲೋ ಹಳದಿ ಇರಲೇಬೇಕು. ನಮ್ಮ ವೃತ್ತಿಯಲ್ಲೂ ಇಂಥವರಿದ್ದಾರೆ: ಹಳೆಯ ಹಳದಿಯನ್ನು ಕೆರೆಯದೆ ಅದರ ಮೇಲೆಯೇ ನೀಲಿ ಬಳಿದು ಹೋಗುವವರು. ಆರು ತಿಂಗಳಲ್ಲಿ ಒಳಗಿನದು ಆಚೆ ಬರುತ್ತದೆ. ಅಳಿಯ ನಿಜವಾದ ನೀಲಿಯೇ ಅಲ್ಲ, ಅವನಿಗೆ ಬಣ್ಣ ಹಾಕಿ ಕೊಟ್ಟಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಅವನ ಎದೆ ಉಜ್ಜಿದೆ. ಬಣ್ಣ ಬರಲಿಲ್ಲ. ಸೋಪು ಹಾಕಿ ಉಜ್ಜಿದೆ. ಬರಲಿಲ್ಲ. ಬಣ್ಣ ಬರಲಿಲ್ಲವೆಂದ ಮೇಲೆ ಒಳ್ಳೆಯ ಕಂಪನಿಯ ಬಣ್ಣವೇ ಇರಬೇಕು ಎಂದುಕೊಂಡೆ. ಸ್ಯಾಂಡ್ ಪೇಪರ್ ಹಿಡಿಯಲಿಲ್ಲ, ಅಷ್ಟು ಕ್ರೂರಿ ನಾನಲ್ಲ. ಅಳಿಯ ಮಾತ್ರ ಅಂದಿನಿಂದ ನನ್ನ ಕೈಯಲ್ಲಿ ಹತ್ತಿ ಕಂಡರೆ ಪಂಜರದ ಮೂಲೆಗೆ ಓಡುತ್ತಾನೆ.

ಮುಂದಿನ ವಾರ ಸಂಘದ ಸಭೆ. ಇದೇ ಸಭಾಂಗಣ. ಇಲ್ಲಿರುವ ಬಹಳ ಮಂದಿ ಅಲ್ಲೂ ಇದ್ದಿರಿ, ಕಾಫಿ ಕುಡಿಯುತ್ತ ಇದ್ದಿರಿ, ನಾನು ಎದ್ದು ನಿಂತ ಮೇಲೆ ಕಾಫಿ ಕುಡಿಯುವುದನ್ನು ನಿಲ್ಲಿಸಿದಿರಿ. ನಾನೇನೆಂದೆ ಎಂದು ನಿಮಗೆ ನೆನಪಿದೆ. ನೆನಪಿಲ್ಲದವರಿಗೆ ನಾನೇ ಹೇಳುತ್ತೇನೆ. "ಒಳಗೆ ಹಳದಿ ಇಟ್ಟು ಮೇಲೆ ನೀಲಿ ಬಳಿದು ನನಗೆ ದಾಟಿಸಿದ್ದಾರೆ. ನಮ್ಮ ಕಾರ್ಯದರ್ಶಿಗಳು ಮೋಸಗಾರರು" ಎಂದೆ. ಸ್ವಂತ ಅಕ್ಕನ ಗಂಡನನ್ನು, ನನಗೆ ಒಂದೊಂದೇ ಗುಂಡಿ ಇಟ್ಟು ಪಾಠ ಹೇಳಿದವರನ್ನು, ಎಂಬತ್ತು ಜನರ ಮುಂದೆ ಹಾಗೆಂದೆ.

ಭಾವ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಭೂತಗನ್ನಡಿಯನ್ನು ಜೇಬಿಗಿಟ್ಟುಕೊಂಡು, "ಎರಡು ನೀಲಿಗೆ ಹಸಿರು ಹುಟ್ಟಲ್ಲ ಕಣೋ. ನಿನ್ನ ಗೂಡಲ್ಲೇ ಏನೋ ಆಗಿದೆ, ಮನೆಗೆ ಹೋಗಿ ತಾರೀಕು ನೋಡು" ಎಂದರು. ಅಷ್ಟೇ. ನಾನು ತಾರೀಕು ನೋಡಲಿಲ್ಲ. ಅಳಿಯನನ್ನು ವಾಪಸು ಕಳಿಸಲೂ ಇಲ್ಲ. ಮಾತು ಬಿಟ್ಟೆ.

ಎರಡನೇ ಗಂಟೆ. ಅಧ್ಯಕ್ಷರೇ, ಈಗ ನಿಲ್ಲಿಸಿದರೆ ಕಥೆ ಭಾವನವರೇ ಮೋಸಗಾರರು ಎಂಬಲ್ಲಿಗೆ ನಿಲ್ಲುತ್ತದೆ. ಸನ್ಮಾನ ಸಮಾರಂಭಕ್ಕೆ ಅದು ಶೋಭೆಯೇ? ಕೈ ತೆಗೆದಿರಿ. ವಂದನೆಗಳು.

ಅಕ್ಕನ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ನನ್ನ ಕೆಲಸಕ್ಕೆ ಅದೇ ದಾರಿ. ಎರಡು ವರ್ಷ ಎದುರುಬದಿಯ ಫುಟ್‌ಪಾತಿನಲ್ಲಿ ತಲೆ ತಗ್ಗಿಸಿಕೊಂಡು ಹೋಗಿದ್ದೇನೆ. ತಲೆ ತಗ್ಗಿಸಿದರೂ ಬಣ್ಣದವನ ಕಣ್ಣು ತಗ್ಗುವುದಿಲ್ಲ. ಆ ಮನೆಯ ಮುಂಬಾಗಿಲಿಗೆ ಅಕ್ಕನ ಮದುವೆಯಾದ ವರ್ಷದಿಂದ ಬಣ್ಣ ಹೊಡೆದವನು ನಾನು. ಮೊದಲು ಕೆಳಗಡೆ ಬಣ್ಣ ಬಿರಿಯಿತು. ಆಮೇಲೆ ಬೀಗದ ಸುತ್ತ ಎದ್ದಿತು. ಈಗ ಇಡೀ ಬಾಗಿಲು ಚಕ್ಕೆ ಚಕ್ಕೆಯಾಗಿ ನಿಂತಿದೆ. ನನಗೆ ಗೊತ್ತಿರುವ ಇನ್ನೊಬ್ಬ ಬಣ್ಣದವನು ತಾನೇ ಹೋಗಿ, ಬಾಗಿಲು ಮಾಡಿಕೊಡಲಾ ಸಾರ್ ಎಂದು ಕೇಳಿದನಂತೆ. "ಬೇಡಪ್ಪ, ಅದನ್ನ ಹೊಡೆಯೋನು ಬೇರೆ ಇದ್ದಾನೆ" ಎಂದರಂತೆ ಭಾವ. ಆ ಮಾತು ನನ್ನ ಕಿವಿಗೆ ಬಿದ್ದಾಗ ನಾನು ಏಣಿಯ ಮೇಲಿದ್ದೆ. ಸ್ವಲ್ಪ ಹೊತ್ತು ಏಣಿಯ ಮೇಲೇ ಕುಳಿತೆ. ಆದರೂ ಹೋಗಲಿಲ್ಲ. ಯಾಕೆ ಹೋಗಲಿಲ್ಲ? ಹೋದರೆ ತಪ್ಪು ಯಾರದು ಎಂಬ ಮಾತು ಬರುತ್ತದಲ್ಲ.

ಇನ್ನು ಆ ಹಸಿರು ಮರಿ. ನಾಲ್ಕು ನೀಲಿ ಮರಿಗಳನ್ನು ಬೇರೆಯವರಿಗೆ ಕೊಟ್ಟೆ, ಹಸಿರನ್ನು ಕೊಡಲಿಲ್ಲ. ಸಂಘದವರು ವಿಚಾರಣೆ ನಡೆಸಿದರೆ ತೋರಿಸಬೇಕಲ್ಲ, ಅದಕ್ಕೆ ಪುರಾವೆ ಎಂದೇ ಹೆಸರಿಟ್ಟೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತು, ಸಿಟ್ಟು ಆರದಿರಲಿ ಎಂದು ದಿನಾ ಒಂದೇ ಮಾತು ಹೇಳುತ್ತಿದ್ದೆ. ಗಂಡು ಬಡ್ಜಿಗಳು ಮಾತು ಕಲಿಯುತ್ತವೆ ಎಂಬುದು ನಿಮಗೆ ಗೊತ್ತು. ನಾಲ್ಕನೇ ತಿಂಗಳು ಒಂದು ಬೆಳಿಗ್ಗೆ ನಾನು ಬಾಯಿ ತೆರೆಯುವ ಮೊದಲೇ ಪುರಾವೆ ನನ್ನದೇ ದನಿಯಲ್ಲಿ "ಭಾವ ಮೋಸಗಾರ" ಎಂದಿತು. ನಾನು ಎಷ್ಟು ಹಿಗ್ಗಿದೆ! ಹೆಂಡತಿ ಹಿಗ್ಗಲಿಲ್ಲ. ಇನ್ನು ಈ ಮನೆಗೆ ಯಾರನ್ನೂ ಕರೆಯುವ ಹಾಗಿಲ್ಲ ಎಂದಳು.

ಅವಳು ಹೇಳಿದ್ದು ಸರಿ. ಒಂದು ದಿನ ನಾನು ಕೆಲಸಕ್ಕೆ ಹೋಗಿದ್ದಾಗ ಅಕ್ಕ ನಮ್ಮ ಮನೆಗೆ ಬಂದಿದ್ದಳಂತೆ. ನಾನು ಇಲ್ಲದ ಹೊತ್ತು ನೋಡಿಕೊಂಡು, ನನ್ನ ಹೆಂಡತಿಯನ್ನು ಮಾತಾಡಿಸಲು. ಪುರಾವೆ ಸುಮ್ಮನಿರಲಿಲ್ಲ. ನನ್ನ ದನಿಯಲ್ಲೇ ಮೂರು ಸಲ ಅಂದಿತಂತೆ. ಅಕ್ಕ ಕೇಳಿಸಿಕೊಂಡಳು. "ಹಕ್ಕಿಗೆ ನೀರು ಖಾಲಿಯಾಗಿದೆ, ತುಂಬಿಸಮ್ಮ" ಎಂದು ಹೇಳಿ ಎದ್ದು ಹೋದಳಂತೆ. ಆಮೇಲೆ ಬರಲಿಲ್ಲ. ಇದನ್ನು ನಾನಿಲ್ಲಿ ಹೇಳಬೇಕೆಂದು ಬಂದಿರಲಿಲ್ಲ. ಅಕ್ಕ ಮೂರನೇ ಸಾಲಿನಲ್ಲಿ ಕುಳಿತಿದ್ದಾಳೆ, ಆ ಕಡೆ ನೋಡದೆ ಮಾತಾಡುತ್ತಿದ್ದೇನೆ.

ಈಗ ಆರನೆಯ ನಿಯಮ. ನಮ್ಮ ಸಂಘದ ಕೋಣೆಯಲ್ಲಿ ಮರಿ ಮಾಡಿಸುವವರಿಗಾಗಿ ಹನ್ನೆರಡು ನಿಯಮಗಳ ಬೋರ್ಡಿದೆ. ಅದನ್ನು ಬರೆದವನು ನಾನು. ಒಂಬತ್ತು ವರ್ಷದ ಹಿಂದೆ, ಭಾವ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ನೋಡಿ ಬರೆದೆ. ಅಕ್ಷರ ಎಷ್ಟು ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದಿರಿ. ಅಕ್ಷರ ಮಸುಕಾಗಿದೆ, ತಿದ್ದಿಕೊಡು ಎಂದು ಮೂರು ತಿಂಗಳ ಹಿಂದೆ ಅಧ್ಯಕ್ಷರು ಹೇಳಿದರು. ಏಣಿ ಹಾಕಿ ಹತ್ತಿದೆ, ಕೆಂಪು ಬಣ್ಣದಲ್ಲಿ ಒಂದೊಂದೇ ಅಕ್ಷರ ತಿದ್ದುತ್ತ ಬಂದೆ. ಬೋರ್ಡು ಬರೆಯುವವನು ಅಕ್ಷರದ ಹೊಟ್ಟೆ ನೋಡುತ್ತಾನೆ, ಕೊಂಬು ನೋಡುತ್ತಾನೆ, ಸಾಲು ನೇರವಿದೆಯೇ ನೋಡುತ್ತಾನೆ. ಏನು ಬರೆದಿದೆ ಎಂದು ಅವನು ನೋಡುವುದಿಲ್ಲ. ನಾನು ಒಂಬತ್ತು ವರ್ಷದಲ್ಲಿ ಆ ಬೋರ್ಡನ್ನು ಒಂದು ಸಲವೂ ಓದಿರಲಿಲ್ಲ, ಸಭಿಕರೇ. ಅಂದು ಆರನೇ ಸಾಲಿನಲ್ಲಿ ಬಣ್ಣ ಸ್ವಲ್ಪ ಗಟ್ಟಿಯಾಗಿ ಕೈ ನಿಧಾನವಾಯಿತು. ನಿಧಾನವಾದ್ದರಿಂದ ಓದಿಸಿಕೊಂಡಿತು.

ಜೋಡಿ ಮಾಡುವ ಮೊದಲು ಹೆಣ್ಣು ಹಕ್ಕಿಯನ್ನು ನಾಲ್ಕು ವಾರ ಯಾವ ಗಂಡಿನ ಜೊತೆಗೂ ಬಿಡದೆ ಒಂಟಿಯಾಗಿ ಇಡತಕ್ಕದ್ದು.

ಯಾಕೆ ಇಡಬೇಕು? ಇಲ್ಲಿ ಮಕ್ಕಳಿದ್ದಾರೆ, ನಾನು ಸಭ್ಯವಾಗಿಯೇ ಹೇಳುತ್ತೇನೆ. ಹೆಣ್ಣು ಹಕ್ಕಿಯ ಮೈಯಲ್ಲಿ ಹಳೆಯ ಗಂಡಿನ ಬಾಕಿ ಹತ್ತು ಹದಿನೈದು ದಿನ ಉಳಿದಿರುತ್ತದೆ. ಆಮೇಲೆ ಹೊಸ ಗಂಡು ಬಂದರೂ ಮೊದಲ ಮೊಟ್ಟೆಗೆ ಹಳೆಯವನೇ ಅಪ್ಪನಾಗಬಹುದು. ಇದಕ್ಕಿಂತ ಸಭ್ಯವಾಗಿ ಬೇಕಿದ್ದರೆ ಪಶುವೈದ್ಯರನ್ನು ಕೇಳಿ.

ನಾನು ಏಣಿಯ ಮೇಲೆ ಹಾಗೇ ನಿಂತುಬಿಟ್ಟೆ. ಬ್ರಷ್ಷಿನಿಂದ ಬಣ್ಣ ತೊಟ್ಟಿಕ್ಕಿ ಕೆಳಗೆ ನಿಂತಿದ್ದ ಅಧ್ಯಕ್ಷರ ನೆತ್ತಿಯ ಮೇಲೆ ಬಿತ್ತು. ಅಲ್ಲಿ ಕೂದಲಿಲ್ಲದ್ದರಿಂದ ಒರೆಸುವುದು ಸುಲಭವಾಯಿತು. ಮನೆಗೆ ಓಡಿ ಡೈರಿ ತೆಗೆದೆ. ಎರಡು ವರ್ಷದ ಹಿಂದಿನ ಪುಟ. ಭಾನುವಾರ: ಮೇಸ್ತ್ರಿಯನ್ನು ಆಚೆಗೆ ಹಾಕಿದೆ. ಗುರುವಾರ: ಅಳಿಯನನ್ನು ಒಳಗೆ ಬಿಟ್ಟೆ. ನಾಲ್ಕು ವಾರ ಎಂದು ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದ ಕೈ ನಾಲ್ಕೇ ದಿನ ಕಾದಿತ್ತು. ಪುರಾವೆ ಮೇಸ್ತ್ರಿಯ ಮಗ. ಹಸಿರು ಗುಂಡಿ ನನ್ನ ಮನೆಯಲ್ಲೇ ಇತ್ತು.

ತಾರೀಕು ನೋಡು ಎಂದಿದ್ದರು. ಒಂದೇ ಒಂದು ಸಲ ನೋಡಿದ್ದರೆ ಸಾಕಿತ್ತು.

ಅಂದೇ ಹೋಗಿ ಹೇಳಬೇಕಿತ್ತು. ಎರಡು ಬೀದಿ ದಾಟಿದೆ ಕೂಡ. ಬಾಗಿಲಿನ ತನಕ ಹೋಗಿ, ಚಕ್ಕೆ ಎದ್ದ ಬಣ್ಣವನ್ನು ನೋಡಿ, ವಾಪಸು ಬಂದೆ. ಆ ಮಾತು ನನ್ನ ಬಾಯಿಯಲ್ಲಿ ತಿರುಗುವುದಿಲ್ಲ, ಐವತ್ತೆರಡು ವರ್ಷದಲ್ಲಿ ತಿರುಗಿಲ್ಲ. ಆಗ ನನಗೊಂದು ಉಪಾಯ ಹೊಳೆಯಿತು. ನನ್ನ ಕೈಯಲ್ಲಿ ಹೇಳಲಾಗದಿ‌ದ್ದರೆ ಪುರಾವೆಯಿಂದ ಹೇಳಿಸೋಣ! ಮೋಸಗಾರ ಎಂದ ಬಾಯಿಂದಲೇ ತಪ್ಪಾಯ್ತು ಎನ್ನಿಸಿ, ಪಂಜರ ಸಮೇತ ಅವರ ಕೈಗಿಟ್ಟುಬಿಡೋಣ. ಮೂರು ತಿಂಗಳು ಬೆಳಿಗ್ಗೆ ಸಂಜೆ ಪಂಜರಕ್ಕೆ ಬಾಯಿ ಹಚ್ಚಿ ಹೇಳಿಕೊಟ್ಟಿದ್ದೇನೆ. ಹೆಂಡತಿ ಮಾತು ಬಿಡುವ ಮೊದಲು ಒಂದು ದಿನ, "ಹಕ್ಕಿಗೆ ಸಾವಿರ ಸಲ ಹೇಳೋ ಬದಲು ಅವರಿಗೆ ಒಂದು ಸಲ ಹೇಳಬಾರದಾ?" ಎಂದು ಕೇಳಿದಳು. ಹೆಂಗಸರಿಗೆ ತರಬೇತಿಯ ಕಷ್ಟ ಗೊತ್ತಾಗುವುದಿಲ್ಲ ಎಂದೆ. ಮೊನ್ನೆ ಬುಧವಾರ ಪುರಾವೆ ಎರಡು ಸಲ ಸ್ಪಷ್ಟವಾಗಿ ಹೇಳಿದೆ. ನಾನೇ ಕೇಳಿದ್ದೇನೆ.

ಈಗ ಬಟ್ಟೆ ತೆಗೆಯುತ್ತೇನೆ. ಮಕ್ಕಳೇ, ಚಪ್ಪಾಳೆ ಬೇಡ, ಹೆದರುತ್ತದೆ. ನೋಡಿ, ಇದೇ ಪುರಾವೆ. ಮೈಕನ್ನು ಸ್ವಲ್ಪ ಕೆಳಗೆ ಮಾಡಿಕೊಡಿ. ಸಾಕು.

ಹೇಳು ಮರಿ. ಮೊನ್ನೆ ಹೇಳಿದೆಯಲ್ಲ, ಹಾಗೆ. ತಪ್ಪಾಯ್ತು ಭಾವ.

ಹೊಸ ಜಾಗ, ಸ್ವಲ್ಪ ನಾಚಿಕೆ. ಮರಿ, ಇಲ್ಲಿ ನೋಡು. ತಪ್ಪಾಯ್ತು ಭಾವ. ನಗಬೇಡಿ ಸಭಿಕರೇ, ನಗುವುದಕ್ಕೇ ಅದು ಹಿಂಜರಿಯುತ್ತಿದೆ. ತಪ್ಪಾಯ್ತು ಭಾವ. ಮೈಕನ್ನು ಕಚ್ಚಬೇಡ, ಹೇಳು. ತಪ್ಪಾಯ್ತು ಭಾವ, ನಂದೇ ತಪ್ಪು. ಅಲ್ಲ, ಎರಡನೇ ಭಾಗ ಇದಕ್ಕೆ ಹೇಳಿಕೊಟ್ಟಿರಲಿಲ್ಲ, ನಾನೇ ಸೇರಿಸಿದೆ. ತಪ್ಪಾಯ್ತು ಭಾವ. ನಾಲ್ಕು ದಿನಕ್ಕೆ ಬಿಟ್ಟವನು ನಾನು, ನಿಮ್ಮ ಮೇಲೆ ಹಾಕಿದೆ, ತಪ್ಪಾಯ್ತು ಭಾವ.

ಏನು? ಯಾಕೆ ಎಲ್ಲರೂ ಹೀಗೆ ನೋಡುತ್ತಿದ್ದೀರಿ?

ಓ.

ಹೌದಲ್ಲ. ಆರು ಸಲ ಆಯಿತು. ಹಕ್ಕಿ ಒಂದು ಸಲವೂ ಹೇಳಲಿಲ್ಲ.

ಭಾವ, ನೀವು ಯಾಕೆ ಎದ್ದಿರಿ, ಕೂತ್ಕೊಳ್ಳಿ. ಕಾಲು ನೋವು ನಿಮಗೆ. ಸಭಿಕರೇ, ಸನ್ಮಾನಿತರು ಭೂತಗನ್ನಡಿ ತೆಗೆದುಕೊಂಡು ಬರುತ್ತಿದ್ದಾರೆ. ಪುರಾವೆಯ ಮೂಗು ನೋಡುತ್ತಿದ್ದಾರೆ. ಗಂಡೇ ಭಾವ, ಈ ಸಲ ನಾನು ಸರಿಯಾಗಿ ನೋಡಿದ್ದೇನೆ.

ಕೇಳಿಸಿತೇ? ಹಿಂದೆ ಕುಳಿತವರಿಗೆ ಕೇಳಿಸಲಿಲ್ಲವೇ? ಒಳ್ಳೆಯದಾಯಿತು. ಇದು ಹಳೆಯ ಪಾಠವನ್ನೇ ಒಪ್ಪಿಸಿತು, ಅದೂ ಅವರ ಮುಖಕ್ಕೆ ಮುಖ ಕೊಟ್ಟು, ನನ್ನ ದನಿಯಲ್ಲಿ. ಭಾವ ನಗುತ್ತಿದ್ದಾರೆ. ಭುಜ ಕುಣಿಯುತ್ತಿದೆ, ನಗುತ್ತಿರುವುದೇ ತಾನೇ? ಮೂರನೇ ಸಾಲಿನಲ್ಲಿ ನಮ್ಮಕ್ಕ ಸೆರಗು ಬಾಯಿಗಿಟ್ಟುಕೊಂಡಿದ್ದಾಳೆ. ಅವಳದು ನಗುವೋ ಅಳುವೋ ಇಲ್ಲಿಂದ ಕಾಣುವುದಿಲ್ಲ, ನಾನು ಕನ್ನಡಕ ತಂದಿಲ್ಲ. ನನ್ನದೂ ಸ್ವಲ್ಪ ಹಾಗೇ ಆಗುತ್ತಿದೆ.

ಪಂಜರ ನೀವೇ ಇಟ್ಟುಕೊಳ್ಳಿ ಭಾವ. ಕೇಸು ಮುಗಿಯಿತು, ಬೇರೆ ಹೆಸರಿಡಿ. ಅಳಿಯನನ್ನೂ ತಂದುಕೊಡುತ್ತೇನೆ, ಅವನ ಮುಂದೆ ಹತ್ತಿ ಮಾತ್ರ ತೋರಿಸಬೇಡಿ.

ಮೂರನೇ ಗಂಟೆ. ಗೊತ್ತಾಯಿತು ಡಾಕ್ಟರೇ, ಇಳಿಯುತ್ತೇನೆ. ಅಕ್ಕನಿಗೆ ಒಂದು ಮಾತು ಹೇಳಿ ಇಳಿಯುತ್ತೇನೆ. ಅಕ್ಕ, ನಾಳೆ ಬೆಳಿಗ್ಗೆ ಏಳಕ್ಕೆ ಸಾಮಾನು ಹಿಡ್ಕೊಂಡು ಬರ್ತೀನಿ. ಹಳೇದನ್ನ ಬುಡಮಟ್ಟ ಕೆರೆದೇ ಹೊಡೀತೀನಿ, ಮೇಲೆ ಬಳಿಯೋ ಕೆಲಸ ಅಲ್ಲ. ನೀಲಿ ಬೇಕೋ ಹಸಿರು ಬೇಕೋ ನೀನೂ ಭಾವನೂ ಜಗಳ ಆಡಿ ತೀರ್ಮಾನ ಮಾಡಿಟ್ಟಿರಿ. ಎಣ್ಣೆ ಬಣ್ಣ, ಎರಡು ಕೋಟು, ಒಣಗೋಕೆ ಎರಡು ದಿನ ಬೇಕು. ಒಣಗೋ ತನಕ ಬಾಗಿಲು ಮುಚ್ಚೋ ಹಾಗಿಲ್ಲ, ತೆಗೆದೇ ಇಡಬೇಕು.

ಏಳು ನಿಮಿಷವೆಂದು ಕೊಟ್ಟದ್ದನ್ನು ಇಷ್ಟು ಹೊತ್ತು ಎಳೆಯಲು ಬಿಟ್ಟ ಅಧ್ಯಕ್ಷರಿಗೆ, ನಗುವಲ್ಲಿ ನಕ್ಕು ಸುಮ್ಮನಿರಬೇಕಾದಲ್ಲಿ ಸುಮ್ಮನಿದ್ದ ನಿಮಗೆ, ಹೇಳಬೇಕಾದ್ದನ್ನು ಹೇಳದೆ ನನ್ನಿಂದಲೇ ಹೇಳಿಸಿದ ಈ ಹಸಿರು ಹಕ್ಕಿಗೆ ಕೃತಜ್ಞತೆಗಳು. ಎರಡನೇ ಕಿಟಕಿಯ ಕೆಳಗಿನ ಯಜಮಾನರೇ, ಆ ಗೋಡೆಯದೂ ನನ್ನದೇ ತಪ್ಪು. ತೇವ ಆರುವ ಮೊದಲೇ ಹೊಡೆದಿದ್ದೆ. ಎಲ್ಲರಿಗೂ ನಮಸ್ಕಾರ.